ಊರವ್ವನ ಮೂರ್ತಿ ಕೆತ್ತಿದವರು ಯಾರು? ಕಿನ್ನಾಳ ಕಲೆಯ ಸಿಂಹಾವಲೋಕನ

ನವಲಿ ಎಂದರೆ ಪತ್ರಿಕೆ ಓದುವವರಿಗೆ ಈಗ ನೆನಪಾಗುವುದು ಸಮತೋಲನ ಜಲಾಶಯವೊಂದೇ. ತುಂಗಭದ್ರೆಯ ಒಡಲಲ್ಲಿ ತುಂಬಿದ ಹೂಳು, ಅದರಿಂದಾಗಿ ಕೈತಪ್ಪುತ್ತಿರುವ ಮೂವತ್ತು ಟಿಎಂಸಿ ಅಡಿಯ ಆಸುಪಾಸಿನ ನೀರು, ಅದನ್ನು ಹಿಡಿದಿಡಲು ನವಲಿ ಬಳಿ ಕಟ್ಟಬೇಕೆಂದಿರುವ ಅಣೆಕಟ್ಟು, ಮುಳುಗುವ ಹೊಲಗಳ ಆತಂಕ. ವರ್ಷಗಳಿಂದ ಇದೇ ಮಾತು ನಡೆದಿದೆ. ಕೊಪ್ಪಳ ಜಿಲ್ಲೆಯ ಜಮಾ-ಖರ್ಚು ಬರೆಯಲು ಕೂತವರು ನೀರು, ಭತ್ತ, ಕಾರ್ಖಾನೆ, ರೈಲುಹಳಿ ಎಂದು ಬರೆದು ಪುಸ್ತಕ ಮುಚ್ಚಿಬಿಡುತ್ತಾರೆ. ಈ ಸಲ ನಾವು ಬೇರೊಂದು ಖಾತೆ ತೆರೆಯುತ್ತಿದ್ದೇವೆ. ಕೊಪ್ಪಳದಿಂದ ಹನ್ನೆರಡು-ಹದಿಮೂರು ಕಿಲೋಮೀಟರ್ ದೂರದ ಕಿನ್ನಾಳದಲ್ಲಿ ಮರ ಕೆತ್ತಿ ಬಣ್ಣ ಹಾಕುವ ಚಿತ್ರಗಾರರ ಖಾತೆ ಅದು.

ಈಗಲೇ ಯಾಕೆ ಎಂದರೆ, ಕಳೆದ ಹದಿನೈದು ವರ್ಷಗಳಲ್ಲಿ ಈ ಕಲೆಯ ಸುತ್ತಮುತ್ತ ಮೂರು ದೊಡ್ಡ ಸಂಗತಿಗಳು ನಡೆದುಹೋದವು. ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. 2021ರಲ್ಲಿ ಇದೇ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. 2025ರಲ್ಲಿ ಮೋರನಾಳದ ತೊಗಲುಗೊಂಬೆಯಾಟದ ಹಿರಿಯಜ್ಜಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಹೊರಗಿನಿಂದ ನೋಡಿದರೆ ಇದು ಗೊಂಬೆಗಳ ಜಿಲ್ಲೆ, ಸುಗ್ಗಿಯೋ ಸುಗ್ಗಿ. ಒಳಗೆ ಹೊಕ್ಕು ನೋಡಿದರೆ ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ.

ಮೊದಲು ಹಳೆಯ ಬಾಕಿ. ಕಿನ್ನಾಳದ ಚಿತ್ರಗಾರರು ತಮ್ಮ ಹಿರೀಕರನ್ನು ವಿಜಯನಗರದೊಂದಿಗೆ ಜೋಡಿಸಿಕೊಳ್ಳುತ್ತಾರೆ. ಹಂಪಿಯ ವಿರೂಪಾಕ್ಷನ ರಂಗಮಂಟಪದ ಮಾಳಿಗೆಯಲ್ಲಿ ಅರ್ಜುನ ಮತ್ಸ್ಯಯಂತ್ರ ಹೊಡೆಯುವ, ಗಿರಿಜೆಯ ಕಲ್ಯಾಣವಾಗುವ, ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಸಾಗುವ ಚಿತ್ರಗಳಿವೆಯಲ್ಲ, ಅವು ತಮ್ಮ ಮನೆತನದವರ ಕೈಕೆಲಸ ಎಂಬುದು ಅವರಲ್ಲಿ ನಡೆದುಬಂದ ಮಾತು. ಹಂಪಿಯ ಮರದ ತೇರಿನ ಕೆತ್ತನೆಯನ್ನೂ ಅವರು ಹೀಗೇ ತಮ್ಮದೆನ್ನುತ್ತಾರೆ. ಆ ಚಿತ್ರಗಳು ಅರಸರ ಕಾಲದವೇ, ಆಮೇಲೆ ಬಳಿದವೇ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಬಣ್ಣದ ಹದ, ಕಣ್ಣು ಬರೆಯುವ ರೀತಿ, ಸೀರೆಯ ಅಂಚಿನ ಬಳ್ಳಿ ಇವನ್ನು ಪಕ್ಕಪಕ್ಕ ಇಟ್ಟು ನೋಡಿದವರು ನೆಂಟಸ್ತಿಕೆಯನ್ನು ಅಲ್ಲಗಳೆಯಲಾರರು ಎಂದೇ ನಮ್ಮ ಎಣಿಕೆ.

1565ರ ಯುದ್ಧದ ನಂತರ ಹಂಪಿ ಹಾಳಾಯಿತು, ಕೈಕಸುಬಿನವರು ಚದುರಿದರು. ಕನಕಗಿರಿಯ ನಾಯಕರಂಥ ಪಾಳೆಯಗಾರರು, ಊರೂರ ದೇಸಾಯರು, ಮಠಗಳು ಅವರಿಗೆ ನೆರಳಾದರು. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ನಮ್ಮ ಸೀಮೆಯ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅಲ್ಲಿನ ಕನಕಾಚಲಪತಿಯ ಗುಡಿಯನ್ನು ನವಲಿಯವರು ಮಗ್ಗುಲ ಊರೆಂಬ ಸಲಿಗೆಯಲ್ಲಿ ಹಾದುಹೋಗುತ್ತಾರೆ, ನಿಂತು ನೋಡುವವರು ಕಡಿಮೆ. ಮುಂದೆ ಈ ಸೀಮೆ ನಿಜಾಮರ ಆಳ್ವಿಕೆಗೆ ಸೇರಿ, ಕೊಪ್ಪಳ ಸಾಲಾರ್‌ಜಂಗರ ಜಹಗೀರಾಯಿತು. ಅರಮನೆಯ ಆಶ್ರಯ ತೆಳ್ಳಗಾಗುತ್ತ ಹೋಯಿತು. ಆದರೂ ಕೈ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ. ಅದಕ್ಕೆ ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಅದು ತಿಳಿಯದೆ ಬೆಲೆಯ ಮಾತು ಆಡುವುದು ಸರಿಯಲ್ಲ.

ಚನ್ನಪಟ್ಟಣದ ಗೊಂಬೆ ಕಂಡವರು ಕಿನ್ನಾಳವೂ ಹಾಗೇ ಎಂದುಕೊಂಡಿದ್ದರೆ ಮರೆತುಬಿಡಲಿ. ಅಲ್ಲಿ ಹಾಲೆ ಮರ, ತಿರುಗುವ ಯಂತ್ರ, ಅರಗಿನ ಬಣ್ಣ. ದುಂಡಗಿನ ವಸ್ತು ಬೇಗ ಬೇಗ ಇಳಿಯುತ್ತದೆ. ಕಿನ್ನಾಳದಲ್ಲಿ ತಿರುಗುವುದೇನೂ ಇಲ್ಲ. ಉಳಿ, ಕೊಡತಿ, ಅರ ಇಷ್ಟರಲ್ಲೇ ಎಲ್ಲ ಕೆಲಸ. ಮರ ಹಗುರವಾಗಿರಬೇಕು, ಮೆತ್ತಗಿರಬೇಕು, ಒಣಗಿದ ಮೇಲೆ ಸೀಳಬಾರದು. ಅದಕ್ಕೆ ಪೊಂಕಿ ಮರ. ಆಂಧ್ರದ ಕೊಂಡಪಲ್ಲಿಯವರು ತಮ್ಮ ಗೊಂಬೆಗೆ ಬಳಸುವ ತೆಲ್ಲ ಪೊಣಿಕಿಯೂ ಇದೇ ಜಾತಿಯದು. ಮೂರ್ತಿಯ ಮೈ, ಕೈ, ಕಿರೀಟ, ಪೀಠ ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಹುಣಸೆ ಬೀಜ ನೆನೆಸಿ, ಅರೆದು, ಕುದಿಸಿ ಮಾಡಿದ ಈ ಅಂಟು ಇಡೀ ಕಸುಬಿನ ಜೀವಾಳ. ಗೋಣಿ ತಟ್ಟನ್ನು ನೀರಲ್ಲಿ ನೆನೆಹಾಕಿ, ತುಂಡರಿಸಿ, ಒಣಗಿಸಿ, ಪುಡಿಮಾಡಿ ಇದೇ ಅಂಟಿನೊಂದಿಗೆ ಕಲಸಿದರೆ ಕಿಟ್ಟ. ಮರದ ಸಂದು, ಬಿರುಕು, ಏರುತಗ್ಗು ಎಲ್ಲ ಈ ಕಿಟ್ಟದಿಂದ ತುಂಬುತ್ತವೆ. ಅದರ ಮೇಲೆ ಹತ್ತಿಯ ಪದರ ಅಂಟಿಸಿ, ಬೆಣಚುಕಲ್ಲಿನ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ಒಣಗಿದ ಮೇಲೆ ಅದು ಬಣ್ಣ ಹಿಡಿಯುವ ಬಿಳಿ ಮೈಯಾಗುತ್ತದೆ. ಟಿಕ್ಕಿ, ಸರ, ಡಾಬು, ತೋಳಬಂದಿಗಳನ್ನು ಕೆತ್ತುವುದಿಲ್ಲ. ಅದೇ ಪುಡಿಯ ಹಿಟ್ಟನ್ನು ಎಳೆಎಳೆಯಾಗಿ ಇಟ್ಟು ಉಬ್ಬಿಸುತ್ತಾರೆ. ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ, ಒಡವೆ ಮೈಮೇಲಿಂದ ಎದ್ದು ನಿಂತಿರುತ್ತದೆ.

ಕೊನೆಗೆ ಮೆರುಗು. ಚಿನ್ನದ ತಗಡು ಕೊಳ್ಳುವ ಶಕ್ತಿ ಯಾವ ಹಳ್ಳಿಗೂ ಇರಲಿಲ್ಲ. ಹಾಗಾಗಿ ತವರದ ಹೊಳಪಿನಿಂದಲೇ ಬೆಳ್ಳಿ-ಬಂಗಾರದ ಕಳೆ ತರುವ ‘ಲಾಜವರ’ ಎಂಬ ವಿದ್ಯೆಯನ್ನು ಈ ಜನ ಕಟ್ಟಿಕೊಂಡರು. ಅದು ಗೊತ್ತಿರುವ ಮನೆಗಳು ಬಲು ಕಡಿಮೆ, ಕಲಿಸಿಕೊಡುವ ಪುಸ್ತಕವಂತೂ ಇಲ್ಲ. ಪೇಟೆಯ ಡಬ್ಬಿಬಣ್ಣ ಬಂದ ಮೇಲೆ ಹಳೆಯ ಬಣ್ಣಗಳ ಜೊತೆ ಲಾಜವರವೂ ಹಿಂದೆ ಸರಿಯಿತು. ಡಬ್ಬಿಬಣ್ಣ ಬಳಿದವರನ್ನು ಬೈಯುವ ಕಲಾವಿಮರ್ಶಕರು ನಮ್ಮಲ್ಲಿದ್ದಾರೆ. ಹಳೆಯ ರೀತಿಯಲ್ಲಿ ಮಾಡಿದ ಮೂರ್ತಿಗೆ ಹೆಚ್ಚು ಕೊಡುತ್ತೀರಾ ಎಂದು ಅವರನ್ನು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ.

ಇಷ್ಟೆಲ್ಲ ಮಾಡುವುದು ಒಂದೇ ಮನೆ. ಕೆತ್ತುವವನು, ಅರೆಯುವವಳು, ಬಳಿಯುವವರು, ಕಣ್ಣು ಬರೆಯುವ ಹಿರಿಯ, ಎಲ್ಲರೂ ಒಂದೇ ಸೂರಿನಡಿ. ಗುಡಿ ಸೇರುವ ಮೂರ್ತಿಯ ಮೇಲೆ ಹೆಸರು ಬರೆಯುವ ರೂಢಿ ಅವರಲ್ಲಿಲ್ಲ. ಇದನ್ನು ವಿನಯ, ಭಕ್ತಿ, ನಿಸ್ವಾರ್ಥ ಎಂದು ಹೊಗಳುವುದು ನಮಗೆ ಅಭ್ಯಾಸವಾಗಿದೆ. ಹೊಗಳುವುದಕ್ಕೆ ಖರ್ಚಿಲ್ಲ ನೋಡಿ.

ಹೆಸರಿನ ಮಾತು ಬಂದಾಗ ಜಪಾನಿನ ಮರದಚ್ಚಿನ ಚಿತ್ರಗಳ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಅಲ್ಲಿಯೂ ಮರ, ಉಳಿ, ಬಣ್ಣ, ಮನೆತನದ ಕಸುಬು. ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರವನ್ನು ನಮ್ಮ ಹುಡುಗರು ಟೀಶರ್ಟಿನ ಮೇಲೆ ಹಾಕಿಕೊಂಡು ತಿರುಗುತ್ತಾರೆ. ಆ ಅಲೆಯನ್ನು ಮರದಲ್ಲಿ ಕೆತ್ತಿದವನು ಹೊಕುಸಾಯ್ ಅಲ್ಲ, ಕಾಗದದ ಮೇಲೆ ಅಚ್ಚು ಒತ್ತಿದವನೂ ಅವನಲ್ಲ. ಬರೆಯುವವ, ಕೆತ್ತುವವ, ಅಚ್ಚೊತ್ತುವವ, ಹಣ ಹಾಕಿ ಮಾರುವವ ಎಂದು ನಾಲ್ಕು ಪಾಲಾಗಿತ್ತು ಆ ಕೆಲಸ. ಬರೆದವನ ಹೆಸರು ಲೋಕಕ್ಕೆಲ್ಲ ಗೊತ್ತು, ಕೆತ್ತಿದ ಬಹುಪಾಲು ಕೈಗಳು ಅಲ್ಲಿಯೂ ಮರೆಯಾದವು.

ಇಪ್ಪತ್ತನೆಯ ಶತಮಾನದಲ್ಲಿ ಮಾತ್ರ ಕೆಲವರು ಈ ಪದ್ಧತಿ ಮುರಿದು ತಾವೇ ಬರೆದು, ತಾವೇ ಕೆತ್ತಿ, ತಾವೇ ಒತ್ತಿದರು. ಅವರಲ್ಲೊಬ್ಬ ಶಿಕೊ ಮುನಕಾಟಾ. 1903ರಲ್ಲಿ ಜಪಾನಿನ ಉತ್ತರ ತುದಿಯ ಅವೊಮೊರಿಯಲ್ಲಿ, ಮಕ್ಕಳು ತುಂಬಿದ ಕಮ್ಮಾರನ ಮನೆಯಲ್ಲಿ ಹುಟ್ಟಿದವನು. ಕಣ್ಣು ಬಹಳ ಮಂದ, ಮೂಗು ಹಲಗೆಗೆ ತಾಗುವಷ್ಟು ಬಾಗಿ ಕೆತ್ತುತ್ತಿದ್ದ. ವ್ಯಾನ್ ಗೋನ ಸೂರ್ಯಕಾಂತಿ ಚಿತ್ರವನ್ನು ಪತ್ರಿಕೆಯೊಂದರಲ್ಲಿ ನೋಡಿ ತಾನೂ ಅವನಂತಾಗುತ್ತೇನೆಂದು 1924ರಲ್ಲಿ ಟೋಕಿಯೊಗೆ ಹೋದ. ಸರ್ಕಾರಿ ಪ್ರದರ್ಶನದವರು ವರ್ಷವರ್ಷ ಅವನ ತೈಲಚಿತ್ರಗಳನ್ನು ತಿರಸ್ಕರಿಸಿದರು. 1928ರ ಸುಮಾರಿಗೆ ಮರಕ್ಕೆ ತಿರುಗಿದ. 1936ರಲ್ಲಿ ಅವನ ಕೆಲಸವನ್ನು ಗುರುತಿಸಿ ಕೊಂಡವರು ಯಾನಾಗಿ ಸೊಯೆತ್ಸು ಮತ್ತು ಅವರ ಗೆಳೆಯರು. ಹೆಸರಿಲ್ಲದ ಹಳ್ಳಿಯ ಕುಶಲಕರ್ಮಿಯ ಕೈಯಲ್ಲೇ ನಿಜವಾದ ಚೆಲುವು ಹುಟ್ಟುತ್ತದೆ ಎಂದು ವಾದಿಸಿ, ಅದೇ ವರ್ಷ ಟೋಕಿಯೊದಲ್ಲಿ ಜನಪದ ಕರಕುಶಲಕ್ಕೆಂದೇ ಸಂಗ್ರಹಾಲಯ ತೆರೆದವರು ಈ ಯಾನಾಗಿ. ಬುದ್ಧನ ಹತ್ತು ಶಿಷ್ಯರ ಸಾಲುಚಿತ್ರ 1939ರಲ್ಲಿ ಬಂತು. 1956ರಲ್ಲಿ ವೆನಿಸ್‌ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅಚ್ಚುಚಿತ್ರಗಳ ಮಹಾಬಹುಮಾನ ಮುನಕಾಟಾಗೆ ಸಿಕ್ಕಿತು. 1975ರಲ್ಲಿ ಆತ ತೀರಿಕೊಂಡ, ಅದೇ ವರ್ಷ ಹುಟ್ಟೂರು ಅವನ ಹೆಸರಿನ ಸ್ಮಾರಕ ಸಂಗ್ರಹಾಲಯ ತೆರೆಯಿತು. ಅದು 2024ರಲ್ಲಿ ಮುಚ್ಚಿದ್ದೂ ನಿಜ. ಅಷ್ಟರಲ್ಲಿ ಅವೊಮೊರಿಯಲ್ಲಿ ದೊಡ್ಡ ಕಲಾಸಂಗ್ರಹಾಲಯ ಎದ್ದಿತ್ತು. ಯಾನಾಗಿ ಹೆಸರಿಲ್ಲದವರನ್ನು ಹೊಗಳಿದರು, ಆದರೆ ಮುನಕಾಟಾ ಬದುಕಿ ಉಳಿದದ್ದು ಹೆಸರಿನಿಂದ.

ಅದಕ್ಕಿಂತ ನಮಗೆ ಹತ್ತಿರದ ಪಾಠ ಇನ್ನೊಂದಿದೆ. ಜಪಾನು 1950ರಲ್ಲಿ ಸಾಂಸ್ಕೃತಿಕ ಆಸ್ತಿಯ ರಕ್ಷಣೆಗೆ ಕಾನೂನು ಮಾಡಿತು, 1954ರಲ್ಲಿ ತಿದ್ದಿತು. ಅಂದಿನಿಂದ ಒಂದು ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡ ವ್ಯಕ್ತಿಯನ್ನೇ ಗುರುತಿಸುತ್ತಾರೆ, ಈಗ ವರ್ಷಕ್ಕೆ ಇಪ್ಪತ್ತು ಲಕ್ಷ ಯೆನ್ ಕೊಡುತ್ತಾರೆ. ವಿದ್ಯೆಯನ್ನು ಬೆಳೆಸಬೇಕು, ಶಿಷ್ಯರನ್ನು ತಯಾರು ಮಾಡಬೇಕು ಎಂಬುದು ಆ ಹಣದ ಉದ್ದೇಶ. 2000ದಲ್ಲಿ ಹೀಗೆ ಗುರುತಿಸಿಕೊಂಡವರಲ್ಲಿ ಎಚಿಜೆನ್‌ನ ಇವಾನೋ ಇಚಿಬೇ ಒಬ್ಬರು. ಅವರು ಚಿತ್ರ ಬರೆಯುವವರಲ್ಲ, ಕೆತ್ತುವವರೂ ಅಲ್ಲ. ಮರದಚ್ಚಿನ ಚಿತ್ರಕ್ಕೆ ಬೇಕಾದ ಕಾಗದ ಮಾಡುವವರು. ಕಾಗದ ನಿಂತರೆ ಚಿತ್ರವೂ ನಿಂತಿತು ಎಂದು ಆ ಸರ್ಕಾರಕ್ಕೆ ಅರ್ಥವಾಗಿತ್ತು. ನಮ್ಮಲ್ಲಿ ಪೊಂಕಿ ಮರ ಬೆಳೆಸಿದ ರೈತನಿಗೆ ಪ್ರಶಸ್ತಿ ಹೋಗಲಿ, ಒಂದು ಸಸಿ ಕೊಡುವ ಯೋಚನೆಯಾದರೂ ಯಾರಿಗೆ ಬಂದಿದೆ?

ಹಾಗಂತ ನಮ್ಮ ಸರ್ಕಾರಗಳು ಏನೂ ಮಾಡಿಲ್ಲ ಎಂದರೆ ಅನ್ಯಾಯ. ಮುನಕಾಟಾ ಹುಟ್ಟಿದ ವರ್ಷವೇ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ಸತ್ತೇಹೋಗಲಿದ್ದ ಎಷ್ಟೋ ಕಸುಬುಗಳಿಗೆ ಪೇಟೆ ತೋರಿಸಿದರು. 1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಬಂತು, ಕಾವೇರಿ ಮಳಿಗೆಗಳಲ್ಲಿ ಕಿನ್ನಾಳದ ಗರುಡ, ಕಾಮಧೇನು, ಆನೆ ಅಂಬಾರಿ ಕೂತವು. ಜಿಐ ಮಾನ್ಯತೆಯ ಉಪಯೋಗವೂ ಕಾಗದಕ್ಕಷ್ಟೇ ಸೀಮಿತವಾಗಲಿಲ್ಲ. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆಲ್ಲ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ಪರೀಕ್ಷಾಲಯ, ಶುಲ್ಕ, ಪರವಾನಗಿ ಇವೆಲ್ಲ ಕಿನ್ನಾಳದ ಮನೆಗಳಿಗೆ ಎಟುಕುವ ಮಾತಾಗಿರಲಿಲ್ಲ. ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಪಡೆದ ಆಟಿಕೆಗಳ ಅಧಿಕೃತ ಬಳಕೆದಾರರಿಗೂ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು. ಇಲ್ಲದಿದ್ದರೆ ಅಜ್ಜ ಮಾಡಿದ ಮರದ ಕುದುರೆಯನ್ನು ಮೊಮ್ಮಗ ಮಾರುವುದು ಅಪರಾಧವಾಗುತ್ತಿತ್ತು. ಆದರೆ ನೋಂದಣಿ ಮಾಡಿಸಿಕೊಂಡವರಿಗೆ ಮಾತ್ರ ಈ ರಕ್ಷಣೆ ಎಂಬುದನ್ನು ಚಿತ್ರಗಾರರ ಮನೆಗಳಿಗೆ ಬಿಡಿಸಿ ಹೇಳುವ ಕೆಲಸ ಇನ್ನೂ ಬಾಕಿಯಿದೆ.

ಭಾನಾಪುರದ ಕ್ಲಸ್ಟರ್ ವಿಷಯ ಬೇರೆ. ನಾನೂರು ಎಕರೆ, ಏಕಸ್ ಎಂಬ ದೊಡ್ಡ ಕಂಪನಿ, ಲೋಕದ ಆಟಿಕೆ ಪೇಟೆಗೆ ಸರಕು ಕೊಡುವ ಗುರಿ. ಬರಗಾಲದ ಸೀಮೆಯ ಹುಡುಗಿಯರಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ತಿಂಗಳ ಸಂಬಳ ಸಿಗುವುದಾದರೆ ನಾವು ಮೂಗು ಮುರಿಯುವುದಿಲ್ಲ. ನಮ್ಮ ತಕರಾರು ಬೇರೆ. ಅಡಿಗಲ್ಲು ಹಾಕುವ ಹೊತ್ತಿನಲ್ಲಿ ಕಿನ್ನಾಳದ ಹೆಸರನ್ನು ಭಾಷಣಕ್ಕೆ ತೋರಣದಂತೆ ಕಟ್ಟಿದರು. ಅಚ್ಚಿನಲ್ಲಿ ಎರಕ ಹೊಯ್ಯುವ ಪ್ಲಾಸ್ಟಿಕ್ ಆಟಿಕೆಗೂ ಹುಣಸೆ ಬೀಜದ ಅಂಟಿಗೂ ಏನು ಸಂಬಂಧ? ಕ್ಲಸ್ಟರ್ ಬೆಳೆಯಲಿ, ಆದರೆ ಅದರ ಬೆಳವಣಿಗೆಯನ್ನು ಕಿನ್ನಾಳದ ಖಾತೆಗೆ ಜಮಾ ಮಾಡಬೇಡಿ.

ಪದ್ಮಶ್ರೀಯ ಮಾತು ಇನ್ನೂ ಸೂಕ್ಷ್ಮ. ಭೀಮವ್ವ ಚಿತ್ರಗಾರರ ಪೈಕಿ ಅಲ್ಲ, ಅವರದು ಮರದ ಕೆಲಸವೂ ಅಲ್ಲ. ಹದ ಮಾಡಿದ ತೊಗಲನ್ನು ಬೆಳಕು ತೂರುವಷ್ಟು ತೆಳ್ಳಗಾಗಿಸಿ, ರಾಮನನ್ನೂ ರಾವಣನನ್ನೂ ಕತ್ತರಿಸಿ, ತೂತು ಕೊರೆದು, ಬಣ್ಣ ಹಚ್ಚಿ, ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಮನೆತನ. ಹದಿನಾಲ್ಕರ ವಯಸ್ಸಿಗೇ ಪರದೆಯ ಹಿಂದೆ ಕೂತವರು. ಏಳು ದಶಕ ಮೀರಿ ರಾಮಾಯಣ, ಮಹಾಭಾರತ ಹೇಳಿದರು, ಹಲವು ದೇಶ ಸುತ್ತಿದರು. ದೆಹಲಿ ಅವರನ್ನು ಗುರುತಿಸಿದ್ದು 96ನೇ ವಯಸ್ಸಿನಲ್ಲಿ. ಭೀಮವ್ವನ ಹೆಸರು ಬಂದಾಗ ಇಡೀ ಜಿಲ್ಲೆ ಹಿಗ್ಗಿತು, ಹಿಗ್ಗಬೇಕಾದದ್ದೇ. ಆದರೆ ತೊಂಬತ್ತಾರಕ್ಕೆ ಬಂದ ಪದಕದ ಜೊತೆ ಒಬ್ಬ ಶಿಷ್ಯನಿಗೂ ಊಟ-ಬಟ್ಟೆಯ ಏರ್ಪಾಡು ಬರುವುದಿಲ್ಲ. ಐವತ್ತಕ್ಕೆ ಬಂದಿದ್ದರೆ, ಜೊತೆಗೆ ಕಲಿಸಲು ಒಂದಿಷ್ಟು ಹಣ ಬಂದಿದ್ದರೆ ಮೋರನಾಳದ ಕಥೆಯೇ ಬೇರೆ ಇರುತ್ತಿತ್ತು. ಲಾಜವರ ಬಲ್ಲ ಕಿನ್ನಾಳದ ಕೈಗಳೂ ತೊಂಬತ್ತಾರರವರೆಗೆ ಕಾಯಬೇಕೇ?

ಇನ್ನು, ಮೊದಲು ಕೇಳಿದ ಪ್ರಶ್ನೆ. ಅರಮನೆ ಹೋಯಿತು, ಜಹಗೀರು ಹೋಯಿತು, ಮಳಿಗೆಯ ವ್ಯಾಪಾರ ವರ್ಷದಲ್ಲಿ ನಾಲ್ಕು ತಿಂಗಳು. ಆದರೂ ಕಿನ್ನಾಳ ಯಾಕೆ ನಿಲ್ಲಲಿಲ್ಲ? ಉತ್ತರ ನಮ್ಮ ನಮ್ಮ ಊರಿನಲ್ಲೇ ಇದೆ. ದ್ಯಾಮವ್ವ, ದುರಗವ್ವ. ಊರವ್ವನ ಜಾತ್ರೆ ಮೂರು ವರ್ಷಕ್ಕೋ, ಐದಕ್ಕೋ, ಒಂಬತ್ತಕ್ಕೋ, ಹನ್ನೆರಡಕ್ಕೋ ಬರುತ್ತದೆ. ಅದಕ್ಕೆ ಮೊದಲು ಊರ ಹಿರಿಯರಾದ ದೈವದವರು ಕೂತು ಮಾತಾಡಿ ಅವ್ವನನ್ನು ಬಣ್ಣಕ್ಕೆಂದು ಕಿನ್ನಾಳಕ್ಕೆ ಕಳಿಸುತ್ತಾರೆ. ಮರ ಹುಳ ಹಿಡಿದಿದ್ದರೆ ಹೊಸ ಮೂರ್ತಿಗೆ ಹೇಳುತ್ತಾರೆ. ಪಲ್ಲಕ್ಕಿ, ಉತ್ಸವದ ಗರುಡ, ಕುದುರೆ, ನಂದಿ, ಹಬ್ಬದ ಗೌರಿ, ಕೂಸಿನ ತೊಟ್ಟಿಲು, ಎಲ್ಲದಕ್ಕೂ ಹಳ್ಳಿಯಿಂದಲೇ ಬೇಡಿಕೆ. ಬಾಗಲಕೋಟೆ, ಗದಗ, ರಾಯಚೂರು, ಬಳ್ಳಾರಿ ಕಡೆಯ ಹಳ್ಳಿಗಳೂ ಈ ಸಾಲಿನಲ್ಲಿವೆ. ನಾಲ್ಕುನೂರು ವರ್ಷ ಈ ಕಲೆಯನ್ನು ಸಾಕಿದವರು ರಾಜರಿಗಿಂತ ಹೆಚ್ಚಾಗಿ ಊರ ಪಟ್ಟಿ ಎತ್ತಿ ಕೊಟ್ಟ ಒಕ್ಕಲಿಗರು, ಕೂಲಿಯವರು, ಗಾಣಿಗರು, ಕುರುಬರು.

ಈ ಬೇರಿಗೇ ಈಗ ಪೆಟ್ಟು ಬೀಳುತ್ತಿದೆ. ಗುಡಿ ಕಟ್ಟಿಸುವ ಹುರುಪು ಹಳ್ಳಿಹಳ್ಳಿಗೂ ಬಂದಿದೆ, ಹಣವೂ ಇದೆ. ಸಿಮೆಂಟಿನ ಗೋಪುರ, ಗ್ರಾನೈಟ್ ನೆಲ, ಸ್ಟೀಲಿನ ಬಾಗಿಲು. ಅದರೊಳಗೆ ಮರದ ಅವ್ವ ಹಳತಾಗಿ ಕಾಣುತ್ತಾಳೆ ಎಂದು ಕಲ್ಲಿನ ಮೂರ್ತಿಯನ್ನೋ, ದೂರದ ಪೇಟೆಯಿಂದ ಫೈಬರ್ ಮೂರ್ತಿಯನ್ನೋ ತರುತ್ತಾರೆ. ಕಲ್ಲಿಗೆ ಮತ್ತೆ ಬಣ್ಣ ಬೇಕಿಲ್ಲ, ಫೈಬರನ್ನು ಅಂಗಡಿಯವನೇ ಬದಲಿಸಿ ಕೊಡುತ್ತಾನೆ. ಅಲ್ಲಿಗೆ ಕಿನ್ನಾಳದೊಂದಿಗಿನ ಒಂದು ಊರಿನ ಲೇವಾದೇವಿ ಶಾಶ್ವತವಾಗಿ ಮುಗಿಯಿತು. ಬೆಂಗಳೂರಿನ ಡ್ರಾಯಿಂಗ್ ರೂಮಿಗೆ ಹತ್ತು ಗರುಡ ಮಾರಿದರೂ ಆ ನಷ್ಟ ತುಂಬುವುದಿಲ್ಲ. ಡ್ರಾಯಿಂಗ್ ರೂಮಿನವರು ಒಮ್ಮೆ ಕೊಂಡು ಮುಗಿಸುತ್ತಾರೆ, ಊರವ್ವ ತಲೆಮಾರು ತಲೆಮಾರಿಗೆ ಮರಳಿ ಬರುತ್ತಾಳೆ.

ಹಾಗಾಗಿ ನಮ್ಮ ತೀರ್ಮಾನ ಇಷ್ಟು: ಮಾನ್ಯತೆಯ ಲೆಕ್ಕದಲ್ಲಿ ಈ ಹದಿನೈದು ವರ್ಷ ಲಾಭ, ಕೆಲಸದ ಲೆಕ್ಕದಲ್ಲಿ ನಷ್ಟ. ಸರ್ಕಾರ ಪೊಂಕಿ ಸಸಿಗಳನ್ನು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೆಳೆಸಲಿ, ಲಾಜವರ ಬಲ್ಲ ಹಿರಿಯರಿಗೆ ಕಲಿಸಲೆಂದೇ ಮಾಸಾಶನ ಕೊಡಲಿ, ಜಿಲ್ಲಾ ಕೇಂದ್ರದಲ್ಲಿ ಹಳೆಯ ಮೂರ್ತಿಗಳ ಒಂದು ಸಂಗ್ರಹ ಮಾಡಲಿ. ಇವೆಲ್ಲ ಕಷ್ಟದ ಕೆಲಸಗಳಲ್ಲ. ಆದರೆ ಉಳಿದ ಅರ್ಧ ನಮ್ಮ ಕೈಯಲ್ಲಿದೆ.

ನವಲಿ, ಕನಕಗಿರಿ, ಕಾರಟಗಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ದೈವದವರಲ್ಲಿ, ಗುಡಿ ಕಮಿಟಿಯವರಲ್ಲಿ ನಮ್ಮ ವಿನಂತಿ. ನಿಮ್ಮೂರಿನ ಮರದ ಮೂರ್ತಿಯನ್ನು ತೆಗೆದಿಡುವ ಮೊದಲು ಒಮ್ಮೆ ಕಿನ್ನಾಳಕ್ಕೆ ಹೋಗಿ ತೋರಿಸಿ. ಮುಂದಿನ ಜಾತ್ರೆಗೆ ಬಣ್ಣದ ಕೆಲಸವಿದ್ದರೆ ಕೊನೆಯ ತಿಂಗಳಿಗೆ ಓಡದೆ ಮೊದಲೇ ಹೇಳಿ, ಮುಂಗಡ ಕೊಡಿ. ಹಳೆಯ ರೀತಿಯ ಮೆರುಗು ಬೇಕೆಂದು ಕೇಳಿ, ಅದಕ್ಕೆ ತಕ್ಕ ದುಡ್ಡನ್ನೂ ಕೊಡಿ. ಕೆಲಸ ಮುಗಿದ ದಿನ ಕೆತ್ತಿದವರ, ಬಣ್ಣ ಹಾಕಿದವರ, ಅಂಟು ಅರೆದ ಹೆಣ್ಣುಮಕ್ಕಳ ಹೆಸರು ಕೇಳಿಕೊಂಡು ಗುಡಿಯ ಲೆಕ್ಕದ ಪುಸ್ತಕದಲ್ಲಿ ಇಸವಿ ಸಮೇತ ಬರೆದಿಡಿ.